ಉತ್ತರ ಗೊತ್ತಿತ್ತು, ಪಣ ಮಾತ್ರ ಸೊನ್ನೆ

ಅಮೆರಿಕದ ಟಿವಿಯಲ್ಲಿ ‘ಜೆಪರ್ಡಿ’ ಅಂತ ಒಂದು ರಸಪ್ರಶ್ನೆ ಕಾರ್ಯಕ್ರಮ ಬಹಳ ವರ್ಷಗಳಿಂದ ಬರುತ್ತಿದೆ. 2020ರ ಜನವರಿಯಲ್ಲಿ ಅದರ ಮೂವರು ದೊಡ್ಡ ಆಟಗಾರರನ್ನು ಒಟ್ಟಿಗೆ ಕೂಡಿಸಿ ಒಂದು ಟೂರ್ನಿ ಮಾಡಿದರು. ಮೊದಲು ಮೂರು ಪಂದ್ಯ ಗೆದ್ದವರಿಗೆ 10 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ ಏಳು ಕೋಟಿ ರೂಪಾಯಿ. ಅದರ ಕೊನೆಯ ಪಂದ್ಯದ ಕೊನೆಯ ಪ್ರಶ್ನೆಯ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ನಮ್ಮ ಶಾಲೆಗಳಲ್ಲಿ, ಕೋಚಿಂಗ್ ಸೆಂಟರ್‌ಗಳಲ್ಲಿ ಯಾರೂ ಹೇಳಿಕೊಡದ ಒಂದು ವಿದ್ಯೆ ಅದರಲ್ಲಿದೆ.

ಮೊದಲು ಆ ಮೂವರು ಯಾರು ಅಂತ ನೋಡೋಣ. ಕೆನ್ ಜೆನ್ನಿಂಗ್ಸ್ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, 2004ರಲ್ಲಿ ಸತತ 74 ಆಟ ಗೆದ್ದವರು. ಜೇಮ್ಸ್ ಹೋಲ್ಜಾವರ್ ಬೆಟ್ಟಿಂಗನ್ನೇ ವೃತ್ತಿ ಮಾಡಿಕೊಂಡವರು (ಅವರ ದೇಶದ ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧ, ನಮ್ಮಲ್ಲಿ ಯಾರೂ ಇದನ್ನು ಉದಾಹರಣೆ ಮಾಡಿಕೊಳ್ಳಬೇಡಿ). 2019ರಲ್ಲಿ ಅವರು 32 ಆಟ ಗೆದ್ದಿದ್ದರು. ಮೂರನೆಯವರು ಬ್ರ್ಯಾಡ್ ರಟ್ಟರ್. ಈ ಟೂರ್ನಿಗೆ ಬರುವ ತನಕ ಅವರು ಆ ಕಾರ್ಯಕ್ರಮದಲ್ಲಿ ಮನುಷ್ಯರ ಎದುರು ಸೋತೇ ಇರಲಿಲ್ಲ. 2011ರಲ್ಲಿ ಸೋತಿದ್ದು ಐಬಿಎಂನ ವಾಟ್ಸನ್ ಎಂಬ ಕಂಪ್ಯೂಟರಿಗೆ.

ಈ ಆಟದ ವಿಶೇಷ ಇರುವುದು ಕೊನೆಯ ಸುತ್ತಿನಲ್ಲಿ. ಪ್ರಶ್ನೆ ತೋರಿಸುವ ಮೊದಲು ವಿಷಯ ಯಾವುದು ಅಂತಷ್ಟೇ ಹೇಳುತ್ತಾರೆ. ಆಗಲೇ ಪ್ರತಿಯೊಬ್ಬರೂ ತಾವು ಗಳಿಸಿದ ಅಂಕದಲ್ಲಿ ಎಷ್ಟನ್ನು ಪಣಕ್ಕಿಡುತ್ತೇವೆ ಅಂತ ಗುಟ್ಟಾಗಿ ಬರೆದುಕೊಡಬೇಕು. ಆಮೇಲೆ ಪ್ರಶ್ನೆ, ಮೂವತ್ತು ಸೆಕೆಂಡು ಸಮಯ. ಸರಿ ಇದ್ದರೆ ಇಟ್ಟಷ್ಟು ಸೇರುತ್ತದೆ, ತಪ್ಪಾದರೆ ಅಷ್ಟೂ ಹೋಗುತ್ತದೆ.

ಜನವರಿ 14ರ ನಾಲ್ಕನೇ ಪಂದ್ಯಕ್ಕೆ ಬಂದಾಗ ಜೆನ್ನಿಂಗ್ಸ್ ಎರಡು, ಹೋಲ್ಜಾವರ್ ಒಂದು ಗೆದ್ದಿದ್ದರು. ಒಂದು ಪಂದ್ಯ ಅಂದರೆ ಎರಡು ಆಟ, ಎರಡರ ಅಂಕ ಕೂಡಿಸಬೇಕು. ಮೊದಲ ಆಟದಲ್ಲಿ ಜೆನ್ನಿಂಗ್ಸ್ ತಮ್ಮ 32,800 ಅಂಕವನ್ನೂ ಪೂರ್ತಿ ಪಣಕ್ಕಿಟ್ಟು 65,600 ಮಾಡಿಕೊಂಡರು. ಹೋಲ್ಜಾವರ್ 34,181ರಲ್ಲಿ ನಿಂತರು. ಎರಡನೇ ಆಟದಲ್ಲಿ ಉಲ್ಟಾ ಆಯಿತು: ಕೊನೆಯ ಪ್ರಶ್ನೆಗೆ ಮುಂಚೆ ಹೋಲ್ಜಾವರ್ 44,000, ಜೆನ್ನಿಂಗ್ಸ್ 23,000. ರಟ್ಟರ್ ಬಹಳ ಹಿಂದೆ ಬಿದ್ದಿದ್ದರು.

ಈಗ ಪೆನ್ನು ಹಿಡಿದು ಲೆಕ್ಕ ಹಾಕಿ. ಹೋಲ್ಜಾವರ್ ಎಲ್ಲವನ್ನೂ ಇಟ್ಟು ಸರಿ ಹೇಳಿದರೆ 88,000 ಆಗುತ್ತದೆ. ಮೊದಲಿನ 34,181 ಸೇರಿದರೆ ಒಟ್ಟು 1,22,181. ಜೆನ್ನಿಂಗ್ಸ್ ಎಲ್ಲವನ್ನೂ ಇಟ್ಟು ಸರಿ ಹೇಳಿದರೂ 46,000 ಮತ್ತು 65,600 ಸೇರಿ 1,11,600. ಅಂದರೆ ಹೋಲ್ಜಾವರ್ ಪೂರ್ತಿ ಇಟ್ಟು ಸರಿ ಹೇಳಿಬಿಟ್ಟರೆ ಜೆನ್ನಿಂಗ್ಸ್ ಏನು ಮಾಡಿದರೂ ಈ ಪಂದ್ಯ ಸಿಗುವುದಿಲ್ಲ. ಹೋಲ್ಜಾವರ್ ತಪ್ಪಿದರೆ ಕೈಯಲ್ಲಿರುವ 88,600 ಸಾಕು. ಹಾಗಾಗಿ ಜೆನ್ನಿಂಗ್ಸ್ ಇಟ್ಟ ಪಣ: ಸೊನ್ನೆ.

ವಿಷಯ ಶೇಕ್ಸ್‌ಪಿಯರನ ದುರಂತ ನಾಟಕಗಳು. ಪ್ರಶ್ನೆಯ ಸಾರ ಇಷ್ಟು: ನಾಟಕದ ಹೆಸರಿನಲ್ಲಿ ಇಲ್ಲದ ಪಾತ್ರಗಳ ಪೈಕಿ 272 ಸಲ ಮಾತಾಡಿ ಎಲ್ಲರಿಗಿಂತ ಮುಂದಿರುವವನು ಯಾರು?

272 ಅಂತ ಎಣಿಸಿ ಬಾಯಿಪಾಠ ಮಾಡಿದವರು ಯಾರಿದ್ದಾರೆ! ಇದು ನೆನಪಿನ ಪ್ರಶ್ನೆಯೇ ಅಲ್ಲ. ನಮ್ಮ ತುಮಕೂರು, ಮಂಡ್ಯ ಕಡೆ ರಾತ್ರಿಯಿಡೀ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಇದರ ದಾರಿ ತಾನಾಗೇ ಹೊಳೆಯುತ್ತದೆ. ಯಾರು ಎಲ್ಲರ ಕಿವಿ ಊದುತ್ತಾನೋ, ಒಬ್ಬರ ಹತ್ತಿರ ಒಂದು, ಇನ್ನೊಬ್ಬರ ಹತ್ತಿರ ಇನ್ನೊಂದು ಹೇಳುತ್ತಾನೋ ಅವನಿಗೆ ಮಾತು ಜಾಸ್ತಿ ಇರಲೇಬೇಕು. ಶಕುನಿ ಇದ್ದ ಹಾಗೆ. ‘ಒಥೆಲ್ಲೊ’ ನಾಟಕದಲ್ಲಿ ಆ ಕೆಲಸ ಇಯಾಗೊನದು. ಗಂಡನ ತಲೆಯಲ್ಲಿ ಹೆಂಡತಿಯ ಮೇಲೆ ಅನುಮಾನ ಬಿತ್ತಿ ಇಬ್ಬರ ಬದುಕನ್ನೂ ಮುಗಿಸುವವನು. ನಾಯಕ ಒಥೆಲ್ಲೊಗಿಂತ ಹೆಚ್ಚು ಸಾಲು ಅವನಿಗೇ ಇದೆ.

ಜೆನ್ನಿಂಗ್ಸ್ ಇಯಾಗೊ ಅಂತಲೇ ಬರೆದಿದ್ದರು. ಹೋಲ್ಜಾವರ್ ಬರೆದದ್ದು ಹೊರೇಷಿಯೊ, ಹ್ಯಾಮ್ಲೆಟ್‌ನ ಗೆಳೆಯ. ಇಟ್ಟ ಪಣ 44,000, ಪೂರ್ತಿ. 88,600ಕ್ಕೆ ಎದುರಾಗಿ ಅವರ ಲೆಕ್ಕದಲ್ಲಿ ಉಳಿದದ್ದು ಮೊದಲ ಆಟದ 34,181 ಮಾತ್ರ. ಟೂರ್ನಿ ಅಲ್ಲಿಗೆ ಮುಗಿಯಿತು.

ಹೋಲ್ಜಾವರ್ ದುರಾಸೆಯಿಂದ ಕೆಟ್ಟರು ಅಂತ ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಎದುರಾಳಿ ಎಷ್ಟು ಇಟ್ಟಿದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ, ಹಿಂದೆ ಇದ್ದವರು ಅವರೇ, ಸಣ್ಣ ಪಣ ಇಟ್ಟರೆ ಸರಿ ಉತ್ತರ ಹೇಳಿಯೂ ಸೋಲುವ ಸಾಧ್ಯತೆ ಇತ್ತು. ಅವರ ಜಾಗದಲ್ಲಿ ನಿಂತರೆ ಅದೇ ಸರಿ. ಇವರ ಜಾಗದಲ್ಲಿ ನಿಂತರೆ ಸೊನ್ನೆಯೇ ಸರಿ. ಒಬ್ಬರದು ಧೈರ್ಯ, ಇನ್ನೊಬ್ಬರದು ಹೇಡಿತನ ಅಂತಲ್ಲ. ಇಬ್ಬರೂ ತಮಗೆ ಎಷ್ಟು ಗೊತ್ತು, ತಾವು ಎಲ್ಲಿ ನಿಂತಿದ್ದೇವೆ ಅನ್ನುವುದನ್ನು ತೂಗಿ ನೋಡಿದರು.

ನಮ್ಮ ತಕರಾರು ಇರುವುದು ಇಲ್ಲೇ. ನಮ್ಮ ಹಳ್ಳಿ ಶಾಲೆಗಳ ರಸಪ್ರಶ್ನೆಯಲ್ಲಿ ಮೊದಲು ಕೈ ಎತ್ತಿದ ಮಗುವೇ ಜಾಣ. ಗೊತ್ತಿಲ್ಲ ಅಂದ ಮಗು ದಡ್ಡ, ಅರ್ಧ ಗೊತ್ತಿರುವ ಮಗು ಬಾಯಿ ಬಿಡುವುದೇ ಇಲ್ಲ. ಹತ್ತು ವರ್ಷ ಹೀಗೆ ಬೆಳೆದವರು ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುತ್ತಾರೆ. ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ, ಯುಪಿಎಸ್‌ಸಿಯಲ್ಲಿ ಮೂರನೇ ಒಂದು ಭಾಗ. ಅಲ್ಲಿ ಪ್ರತಿ ಪ್ರಶ್ನೆಯೂ ಒಂದು ಪಣ. ಒಬ್ಬರು ಎಲ್ಲಕ್ಕೂ ಗುರುತು ಹಾಕಿ ಬರುತ್ತಾರೆ, ಇನ್ನೊಬ್ಬರು ಹೆದರಿ ಗೊತ್ತಿದ್ದನ್ನೂ ಬಿಟ್ಟು ಬರುತ್ತಾರೆ. ಲೆಕ್ಕ ಕಷ್ಟದ್ದಲ್ಲ. ಮೂರನೇ ಒಂದು ಭಾಗ ಕಳೆಯುವ ಕಡೆ ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾಗಿ ತೆಗೆದುಹಾಕಿದಿರೋ, ಅಲ್ಲಿಂದ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಅರ್ಧ ಗೊತ್ತಿರುವುದಕ್ಕೂ ಬೆಲೆ ಇದೆ.

ದೂರದರ್ಶನ ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ನಮಗೆ ಇಷ್ಟ. ನಾ. ಸೋಮೇಶ್ವರ ಅವರು ಸರಿ ಉತ್ತರಕ್ಕೆ ಕೊಡುವುದು ಪುಸ್ತಕ. ಇದನ್ನು ಇಲ್ಲಿ ಎಳೆದು ತಂದದ್ದಕ್ಕೆ ಕಾರಣ, ಹೋಲ್ಜಾವರ್ ಜೆಪರ್ಡಿಗೆ ತಯಾರಾದದ್ದೂ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೂತು. ಚಿತ್ರ ಇರುವ, ಸರಳವಾಗಿ ವಿವರಿಸುವ ಪುಸ್ತಕ ಓದಿದರೆ ಗೊತ್ತಿಲ್ಲದ ವಿಷಯ ಬೇಗ ತಲೆಗೆ ಹತ್ತುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಡಿಗ್ರಿ ಮುಗಿಸಿ ಪರೀಕ್ಷೆಗೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳ ಪುಸ್ತಕದ ಕಪಾಟಿನ ಹತ್ತಿರ ಹೋಗಲು ನಾಚಿಕೊಳ್ಳುವುದನ್ನು ಬಿಡಬೇಕು.

ಮೇಷ್ಟ್ರುಗಳಲ್ಲಿ, ಯುವಕ ಸಂಘದವರಲ್ಲಿ ನಮ್ಮದೊಂದು ಕೋರಿಕೆ. ಈ ಸಲ ರಾಜ್ಯೋತ್ಸವಕ್ಕೆ ರಸಪ್ರಶ್ನೆ ಇಟ್ಟರೆ ಕೊನೆಯ ಸುತ್ತನ್ನು ಹೀಗೆ ಮಾಡಿ. ಪ್ರತಿ ತಂಡಕ್ಕೂ ಒಂದು ಸ್ಲೇಟು, ಒಂದು ಬಳಪ ಕೊಡಿ. ವಿಷಯ ಮಾತ್ರ ಹೇಳಿ: ‘ನಮ್ಮ ತಾಲ್ಲೂಕಿನ ಕೆರೆಗಳು’ ಅಂತಲೋ ಏನೋ. ಎಷ್ಟು ಅಂಕ ಪಣಕ್ಕೆ ಅಂತ ಮೊದಲು ಬರೆಯಲಿ, ಆಮೇಲೆ ಪ್ರಶ್ನೆ ಕೇಳಿ. ಯಾವುದಾದರೂ ತಂಡ ಸೊನ್ನೆ ಬರೆದರೆ ನಗಬೇಡಿ, ಯಾಕೆ ಬರೆದಿರಿ ಅಂತ ಕೇಳಿ. ಅವರು ಹಾಕಿದ ಲೆಕ್ಕವನ್ನು ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿಸಿ.