ಯಂತ್ರದ ಒಡೆತನ ಯಾರದು?

ಕಾಂಕ್ರೀಟು ನೆಲವನ್ನು ನಯ ಮಾಡುವ ಕೆಲಸವೂ ಇನ್ನು ಯಂತ್ರದ ಪಾಲಾಗುತ್ತದೆ ಎಂಬ ಮಾತು ಗಾರೆ ಕೆಲಸದವರ ನಡುವೆ ಹರಡಿದೆ. ಯಂತ್ರಕ್ಕೆ ಈಗ ಬುದ್ಧಿಯೂ ಬಂದಿದೆಯಂತೆ, ಕೃತಕ ಬುದ್ಧಿ ಎಂದು ಅದಕ್ಕೆ ಹೆಸರಂತೆ, ಅದಕ್ಕೆ ಊಟ ಬೇಡ, ಬಟವಾಡೆ ಬೇಡ, ಸಂಘವೂ ಬೇಡ ಎಂದು ಗುತ್ತಿಗೆದಾರರು ಅರ್ಧ ನಗೆಯಾಗಿ, ಅರ್ಧ ಬೆದರಿಕೆಯಾಗಿ ಹೇಳುತ್ತಿದ್ದಾರೆ. ಇದರಲ್ಲಿ ನಿಜವೆಷ್ಟು, ಬೆದರಿಕೆಯೆಷ್ಟು ಎಂಬುದನ್ನು ಬಿಡಿಸಿ ನೋಡುವುದು ನಮ್ಮ ಕರ್ತವ್ಯ. ಗಿರಣಿಯ ಬಂಧುಗಳು ಇದನ್ನು ಪರರ ಮನೆಯ ಜಗಳವೆಂದು ತಿಳಿಯಬಾರದು. ಇಂದು ಕರಣೆಗೆ ಬಂದದ್ದು ಅಂದು ಮಗ್ಗಕ್ಕೂ ಬಂದಿತ್ತು.

ಮೊದಲು ಆ ಕೆಲಸವೇನೆಂದು ತಿಳಿಯೋಣ. ಕಾಂಕ್ರೀಟು ಸುರಿದು, ಪಟ್ಟಿ ಎಳೆದು ಮಟ್ಟ ಮಾಡಿದ ಕೂಡಲೇ ಕರಣೆ ಆಡಿಸಲು ಬರುವುದಿಲ್ಲ. ಒಳಗಿನ ನೀರು ಮೇಲಕ್ಕೆ ಬಂದು ಆರಬೇಕು. ಮೇಲೆ ಕಾಲಿಟ್ಟರೆ ಹೆಜ್ಜೆ ಕಾಲು ಅಂಗುಲಕ್ಕಿಂತ ಆಳ ಇಳಿಯಬಾರದು. ಆತುರಪಟ್ಟು ಮೊದಲೇ ತಿಕ್ಕಿದರೆ ನೀರು ಒಳಗೇ ಸಿಕ್ಕಿಕೊಂಡು ಮೇಲ್ಪದರ ಮುಂದೆ ಹುಡಿಯಾಗಿ ಏಳುತ್ತದೆ. ತಡಮಾಡಿದರೆ ಕರಣೆ ಓಡದು. ಬಿಸಿಲೂ ಒಣಗಾಳಿಯೂ ಸೇರಿದ ದಿನ ಮೇಲ್ಭಾಗ ಬೇಗ ಒಣಗಿ ಬಿರುಕು ಬಿಡುತ್ತದೆ. ಈ ಹದವನ್ನು ಮೇಸ್ತ್ರಿಯ ಅಂಗೈಯೂ ಅಂಗಾಲೂ ಬಲ್ಲವು. ಇಷ್ಟು ಬಲ್ಲವನಿಗೆ ಸಿಗುವುದೇನು? ಸವೆದ ಮೊಣಕಾಲು, ಸಿಮೆಂಟು ತಿಂದ ಬೆರಳು, ಒಣ ಕಾಂಕ್ರೀಟು ಕೊಯ್ಯುವಾಗ ಏಳುವ ಧೂಳಿನಿಂದ ಶ್ವಾಸಕೋಶಕ್ಕೆ ಸಿಲಿಕೋಸಿಸ್. ಆದ್ದರಿಂದ ಬೆನ್ನನ್ನು ಉಳಿಸುವ ಯಂತ್ರ ಬಂದರೆ ಅದನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಮನುಷ್ಯ ಮಂಡಿಯೂರಿ ಸವೆಯಬೇಕೆಂಬುದು ಸಮಾಜವಾದವಲ್ಲ.

ಯಂತ್ರ ಬಂದದ್ದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಅಮೆರಿಕದ ಸೊಮೆರೊ ಸೋದರರು 1980ರ ದಶಕದ ನಡುವಿನಲ್ಲಿ ಲೇಸರ್ ಕಿರಣದ ಮಟ್ಟ ಹಿಡಿದು ಕಾಂಕ್ರೀಟು ಸಮ ಮಾಡುವ ಯಂತ್ರವನ್ನು ತಂದರು. ಅದೇ ದಶಕದಲ್ಲಿ ಜಪಾನಿನ ಕಾಜಿಮಾ, ಶಿಮಿಜು, ತಾಕೆನಾಕಾ ಮುಂತಾದ ದೊಡ್ಡ ಕಂಪನಿಗಳು ತಾನೇ ಓಡಾಡಿ ನೆಲ ನಯಮಾಡುವ ರೋಬೋಟುಗಳನ್ನು ಮಾಡಿದವು. ಚೀನದ ಒಂದು ದೊಡ್ಡ ಗೃಹನಿರ್ಮಾಣ ಕಂಪನಿ 2018ರಲ್ಲಿ ಕಟ್ಟಡದ ರೋಬೋಟುಗಳಿಗೆಂದೇ ಒಂದು ಅಂಗಸಂಸ್ಥೆಯನ್ನು ತೆರೆಯಿತು. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಓಸ್ಬಾರ್ನ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ಕಸುಬುಗಳನ್ನು ಲೆಕ್ಕ ಹಾಕಿ, ಕಾಂಕ್ರೀಟು ನಯಮಾಡುವವರ ಕೆಲಸ ಯಂತ್ರದ ಪಾಲಾಗುವ ಸಂಭವ ನೂರಕ್ಕೆ 94 ಎಂದು ಬರೆದರು. ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಕರಣೆ ಹಿಡಿದ ಕೈಗಳು ಇನ್ನೂ ಇವೆ. ಏಕೆಂದರೆ ಯಂತ್ರಕ್ಕೆ ವಿಶಾಲವಾದ ಗೋದಾಮು ಬೇಕು, ಅಡ್ಡಿಯಿಲ್ಲದ ನೆಲ ಬೇಕು. ಕಂಬದ ಬುಡ, ಗೋಡೆಯ ಅಂಚು, ಮೆಟ್ಟಿಲು, ಬಚ್ಚಲಿನ ಇಳಿಜಾರು, ನಮ್ಮ ಓಣಿಯ ಹತ್ತಡಿ ಕೋಣೆ ಇವೆಲ್ಲ ಇನ್ನೂ ಕೈಯನ್ನೇ ಬೇಡುತ್ತವೆ.

ಹಾಗೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಯಂತ್ರ ಕಸುಬನ್ನು ಒಮ್ಮೆಗೇ ನುಂಗುವುದಿಲ್ಲ, ಕೊಬ್ಬಿದ ಭಾಗವನ್ನು ಮೊದಲು ತಿನ್ನುತ್ತದೆ. ಗಿರಣಿ, ಗೋದಾಮು, ಪೆಟ್ರೋಲ್ ಬಂಕುಗಳಲ್ಲಿ ಟ್ರಿಮಿಕ್ಸ್ ನೆಲ ಹಾಕುವುದನ್ನು ನಮ್ಮ ಓದುಗರು ಕಂಡಿದ್ದಾರೆ. ಪಂಪು ನೀರನ್ನು ಹೀರುತ್ತದೆ, ತಿರುಗುವ ಯಂತ್ರ ನಯ ಮಾಡುತ್ತದೆ, ಹಲವರ ಕೆಲಸ ಕೆಲವರಿಗೆ ಇಳಿಯುತ್ತದೆ. ಮನೆಯ ಮೇಲೆ ಮೋಲ್ಡ್ ಹಾಕುವ ದಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಹೆಣ್ಣಾಳುಗಳ ಸಾಲನ್ನು ನೆನೆಯಿರಿ. ಮಿಶ್ರಣ ಹೊತ್ತ ಲಾರಿಯೂ ಕಾಂಕ್ರೀಟು ಪಂಪೂ ಬಂದ ಕಡೆ ಆ ಸಾಲು ಇಲ್ಲ. ರೋಬೋಟು ಬರುವ ಎಷ್ಟೋ ಮುಂಚೆಯೇ ಮೊದಲು ಕೂಲಿ ಕಳೆದುಕೊಂಡವಳು ಹೆಂಗಸು. ಅವಳಿಗೆ ನೋಟೀಸು ಬರಲಿಲ್ಲ, ಪರಿಹಾರ ಸಿಗಲಿಲ್ಲ, ಪತ್ರಿಕೆಗಳಲ್ಲಿ ಸುದ್ದಿಯೂ ಆಗಲಿಲ್ಲ.

ಕೃತಕ ಬುದ್ಧಿಯ ಪೆಟ್ಟು ಇನ್ನೊಂದು ಬಗೆಯದು. ಕಾಂಕ್ರೀಟಿನೊಳಗೆ ಹೂತ ಸಣ್ಣ ಉಪಕರಣ ಅದರ ಬಿಸಿಯನ್ನು ಅಳೆದು, ಅದು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಎಂಜಿನಿಯರನ ಫೋನಿಗೆ ತಿಳಿಸುತ್ತದೆ. ಕೆಲಸ ಎಷ್ಟಾಯಿತು, ಯಾರು ಬಂದರು, ಯಾರು ಬರಲಿಲ್ಲ ಎಂದು ಕ್ಯಾಮೆರಾ ಲೆಕ್ಕ ಇಡುತ್ತದೆ. ಇದುವರೆಗೆ ಹದ ಬಲ್ಲವನು ಮೇಸ್ತ್ರಿಯೊಬ್ಬನೇ ಆಗಿದ್ದುದರಿಂದ, ಕೂಲಿಯ ಚೌಕಾಸಿಯಲ್ಲಿ ಅವನ ಮಾತಿಗೆ ತೂಕವಿತ್ತು. ಆ ತಿಳಿವಳಿಕೆ ಉಪಕರಣದೊಳಗೆ ಹೋಗಿ, ಉಪಕರಣ ಧಣಿಯ ಕೈಗೆ ಹೋದರೆ, ಕರಣೆ ಉಳಿದರೂ ಅದನ್ನು ಹಿಡಿದವನ ಬೆಲೆ ಇಳಿಯುತ್ತದೆ. ನಾವು ಅಂಜಬೇಕಾದದ್ದು ಇದಕ್ಕೆ.

ಗಿರಣಿ ಕಾರ್ಮಿಕರಿಗೆ ಈ ದಾರಿ ಗೊತ್ತು. ರ್ಯಾಷನಲೈಸೇಷನ್ ಎಂಬ ದೊಡ್ಡ ಹೆಸರಿನಲ್ಲಿ ಇಬ್ಬರು ನೋಡುತ್ತಿದ್ದ ಮಗ್ಗಗಳನ್ನು ಒಬ್ಬನ ತಲೆಗೆ ಕಟ್ಟಲು ಹೊರಟಾಗ, 1955ರಲ್ಲಿ ಕಾನ್ಪುರದ ಬಟ್ಟೆ ಗಿರಣಿಗಳ ಕಾರ್ಮಿಕರು ಸುಮಾರು 80 ದಿನ ಮುಷ್ಕರ ಹೂಡಿದರು. ಇಂಥ ಬದಲಾವಣೆಗೆ ಮುಂಚೆ 21 ದಿನಗಳ ನೋಟೀಸು ಕೊಡಬೇಕೆಂಬ ಕಲಮು 1956ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ಸೇರಿತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಮೂರು ಮಾತನ್ನು ಒಪ್ಪಿತು: ಇದ್ದವರನ್ನು ತೆಗೆಯಕೂಡದು, ಅವರ ಗಳಿಕೆ ಕಡಿಮೆಯಾಗಕೂಡದು; ಲಾಭ ಸಮಾಜಕ್ಕೂ ಧಣಿಗೂ ಕಾರ್ಮಿಕನಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು; ಕೆಲಸದ ಹೊರೆಯನ್ನು ಸರಿಯಾಗಿ ಅಳೆಯಬೇಕು. ಆ ನೋಟೀಸಿನ ನಿಯಮ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಇದೆ. ಆದರೆ ಬೆಳಗ್ಗೆ ವೃತ್ತದಲ್ಲಿ ನಿಂತು ಅಂದಿನ ಕೂಲಿಗೆ ಹೋಗುವವನಿಗೆ ಅದರಿಂದ ಬಂದ ಭಾಗ್ಯವೇನು? ನಾಳೆ ಕರೆಯದಿದ್ದರೆ ಸಾಕು, ಅವನನ್ನು ತೆಗೆದಂತಾಯಿತು. ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಎಬ್ಬಿಸುವ ಸಾವಿರಾರು ಜನರ ಸ್ಥಿತಿ ಇದೇ.

ಹೀಗಿರುವಾಗ ಪ್ರಶ್ನೆ ಒಂದೇ: ಯಂತ್ರದ ಒಡೆತನ ಯಾರದು? ಲೋಹಿಯಾ ಅವರು ಸಣ್ಣ ಯಂತ್ರದ ವಿಚಾರವನ್ನು ಒತ್ತಿ ಹೇಳಿದ್ದರು. ದುಡಿಯುವವರ ಸಣ್ಣ ಗುಂಪು ಕೊಂಡು ನಡೆಸಬಲ್ಲ, ಕೆಲಸವನ್ನು ಹಗುರ ಮಾಡಬಲ್ಲ ಯಂತ್ರ ಈ ದೇಶಕ್ಕೆ ಬೇಕೆಂಬುದು ಅವರ ವಾದ. ನೆಲ ನಯಮಾಡುವ ತಿರುಗು ಯಂತ್ರ ಅಂಥದ್ದೇ ಅಲ್ಲವೆ? ಇಂದು ಅದನ್ನು ಬಾಡಿಗೆಗೆ ಕೊಡುವವನೊಬ್ಬ, ಗುತ್ತಿಗೆ ಹಿಡಿದವನೊಬ್ಬ, ದುಡಿಯುವವರು ಮಾತ್ರ ಬೇರೆ. ಹತ್ತು ಜನ ಗಾರೆಯವರ ಸಹಕಾರ ಸಂಘಕ್ಕೆ ಅದು ಸೇರಿದರೆ ಅದೇ ಯಂತ್ರ ಮೊಣಕಾಲನ್ನೂ ಉಳಿಸುತ್ತದೆ, ಕೂಲಿಯನ್ನೂ ಉಳಿಸುತ್ತದೆ. ಇದು ಕನಸಿನ ಮಾತಲ್ಲ. ಕೇರಳದ ವಡಕರದ ಬಳಿ 1925ರಲ್ಲಿ ಹದಿನಾಲ್ಕು ಮಂದಿ ಕೂಡಿ ಕಟ್ಟಿದ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ನೂರು ವರ್ಷ ಬಾಳಿ, ಇಂದು ದೊಡ್ಡ ಯಂತ್ರಗಳನ್ನು ಇಟ್ಟುಕೊಂಡು ರಸ್ತೆ, ಸೇತುವೆಗಳನ್ನು ಕಟ್ಟುತ್ತಿದೆ. ಅಲ್ಲಿ ಯಂತ್ರ ಬಂತು, ಕಾರ್ಮಿಕ ಹೋಗಲಿಲ್ಲ.

ಹಣ ಎಲ್ಲಿಂದ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. 1996ರ ಕಾಯಿದೆಯ ಕಾಲದಿಂದಲೂ ಕಟ್ಟಡದ ವೆಚ್ಚದ ಮೇಲೆ ಸೆಸ್ಸು ಬರುತ್ತಿದೆ. ಕರ್ನಾಟಕದ ಕಲ್ಯಾಣ ಮಂಡಳಿಗೆ ಹೀಗೆ ಸಾವಿರಾರು ಕೋಟಿ ರೂಪಾಯಿ ಬಂದಿದೆ. ಅದು ದಾನದ ಹಣವಲ್ಲ, ಕಟ್ಟಿದವರ ಹೆಸರಿನಲ್ಲಿ ಎತ್ತಿದ ಹಣ. ಅದನ್ನು ಕಿಟ್ಟು ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಈ ಕೆಲಸಕ್ಕೆ ಬಳಸಲಿ.

ಸಣ್ಣ ವ್ಯಾಪಾರಿಗಳಿಗೂ ನಮ್ಮದೊಂದು ಮಾತು. ಅಂಗಡಿಯ ನೆಲ ನಾಲ್ಕು ಕಾಸು ಅಗ್ಗವಾಗಿ ಆಯಿತೆಂದು ಹಿಗ್ಗುವ ಮುನ್ನ ಲೆಕ್ಕದ ಪುಸ್ತಕ ತೆರೆದು ನೋಡಿ. ಶನಿವಾರದ ಬಟವಾಡೆಯ ಹಣ ಅಂದೇ ಸಂಜೆ ಅಕ್ಕಿಯಾಗಿ, ಎಣ್ಣೆಯಾಗಿ, ಮಗುವಿನ ಅಂಗಿಯಾಗಿ ನಿಮ್ಮ ಗಲ್ಲಕ್ಕೆ ಬರುತ್ತದೆ. ರೋಬೋಟು ಅಕ್ಕಿ ಕೊಳ್ಳುವುದಿಲ್ಲ. ಅದರ ಬಾಡಿಗೆ ಊರು ಬಿಟ್ಟು ದೂರದ ಕಂಪನಿಯ ತಿಜೋರಿಗೆ ಹೋಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಸರ್ಕಾರಿ ಕಾಮಗಾರಿಗಳಲ್ಲಿ ಜನರ ಕೆಲಸ ಕಳೆಯುವ ಯಂತ್ರ ತರುವ ಮುನ್ನ ದಿನಗೂಲಿಯವರ ಸಂಘಕ್ಕೂ ನೋಟೀಸು ಕೊಡಬೇಕು. ಕೆಲಸ ಕಳೆದುಕೊಂಡ ಹೆಣ್ಣಾಳುಗಳಿಗೇ ಮೊದಲು ಯಂತ್ರ ನಡೆಸುವ ತರಬೇತಿ ಆಗಬೇಕು, ತರಬೇತಿಯ ದಿನಗಳಿಗೂ ಕೂಲಿ ಸಿಗಬೇಕು. ಸೆಸ್ಸಿನ ಹಣದಿಂದ ಗಾರೆಯವರ ಸಹಕಾರ ಸಂಘಗಳಿಗೆ ಯಂತ್ರ ಕೊಳ್ಳಲು ನೆರವು ಬೇಕು; ನಗರಸಭೆಯ ಸಣ್ಣ ಕಾಮಗಾರಿಗಳು ಆ ಸಂಘಗಳಿಗೇ ಸಿಗಬೇಕು.

ಬೇಡಿಕೆ ಬರೆದರೆ ಸಾಲದು, ಬರೆದುದಕ್ಕೆ ಬಲ ಬೇಕು. 18ರಿಂದ 60 ವರ್ಷದೊಳಗಿನ, ಕಳೆದ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದಲ್ಲಿ ದುಡಿದ ಪ್ರತಿಯೊಬ್ಬರೂ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಗಿರಣಿಯ ಬಂಧುಗಳು ತಮ್ಮ ಓಣಿಯ ಗಾರೆಯವರನ್ನೂ ಬಾಂಡ್ಲಿ ಹೊರುವ ಅಕ್ಕತಂಗಿಯರನ್ನೂ ಕರೆತಂದು ಈ ಕೆಲಸ ಮಾಡಿಸಲಿ. ಅರ್ಜಿ ಬರೆದುಕೊಡಲು ನಮ್ಮ ಪಕ್ಷದ ಕಚೇರಿಯ ಬಾಗಿಲು ತೆರೆದಿದೆ. ಯಂತ್ರ ಬಂದೇ ಬರುತ್ತದೆ. ಅದು ಬರುವ ಹೊತ್ತಿಗೆ ನಾವು ಚದುರಿ ನಿಂತಿದ್ದರೆ ಅದು ಧಣಿಯದು, ಸಂಘ ಕಟ್ಟಿ ನಿಂತಿದ್ದರೆ ನಮ್ಮದು.