ಎರಡು ಸನಾದಿ, ಒಂದೇ ಸುರ್

ಕೂಡಲಸಂಗಮದ ಮೆಟ್ಟಿಲ ಮೇಲೆ ಕುಳಿತು ನಿಂತ ನೀರಿಗೆ ಎರಡು ಕಲ್ಲು ಎಸೆದು ನೋಡಿದ್ದೀರಾ? ಕಲ್ಲು ಬಿದ್ದ ಎರಡೂ ಕಡೆಯಿಂದ ಅಲೆಗಳು ಬಳೆಬಳೆಯಾಗಿ ಹರಡುತ್ತವೆ, ಒಂದರೊಳಗೊಂದು ಹಾಯ್ದು ಹೋಗುತ್ತವೆ. ಹಾಗೆ ಹಾಯುವಾಗ ಉಬ್ಬಿನ ಮೇಲೆ ಉಬ್ಬು ಬಿದ್ದ ಕಡೆ ನೀರು ಹೆಚ್ಚು ಏಳುತ್ತದೆ. ಉಬ್ಬಿಗೆ ತಗ್ಗು ಸೇರಿದ ಕಡೆ ನೀರು ಅಲುಗದಂತೆ ಕಾಣುತ್ತದೆ. ಕೃಷ್ಣೆ, ಮಲಪ್ರಭೆ ಕೂಡುವ ಈ ಊರಿನಲ್ಲಿ, ನಾರಾಯಣಪುರದ ಬಸವಸಾಗರ ತುಂಬಿ ಹಿನ್ನೀರು ನಿಂತಾಗ, ಈ ಆಟ ಚೆನ್ನಾಗಿ ಕಾಣಸಿಗುತ್ತದೆ.

ಇದೇ ಆಟ ಗಾಳಿಯಲ್ಲೂ ನಡೆಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಅದನ್ನು ದಿನವೂ ಕೇಳುತ್ತ, ಅದರಿಂದಲೇ ಹೊಟ್ಟೆ ಹೊರೆಯುವವರು ನಮ್ಮ ಕಡೆಯ ಸನಾದಿ ನುಡಿಸುವವರು.

ಊರ ಕಡೆ ಸನಾದಿ ಎಂದರೆ ಶಹನಾಯಿ. ಮದುವೆ, ಜಾತ್ರೆ, ಪಲ್ಲಕ್ಕಿ ಸೇವೆ ಯಾವುದಕ್ಕೂ ಅದು ಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕರಡಿ ಮಜಲಿನಲ್ಲಿ ಕರಡಿ ವಾದ್ಯ, ತಾಳಗಳ ಜತೆ ರಾಗ ತರುವುದೂ ಅದೇ. ಸಾಮಾನ್ಯವಾಗಿ ಸನಾದಿಯವರು ಜೋಡಿಯಾಗಿಯೇ ಬರುತ್ತಾರೆ. ಒಬ್ಬ ರಾಗ ನುಡಿಸಿದರೆ ಇನ್ನೊಬ್ಬ ಒಂದೇ ಸ್ವರವನ್ನು ಎಳೆದು ಹಿಡಿದಿರುತ್ತಾನೆ. ಆಗಾಗ ಅವನೂ ರಾಗದಲ್ಲಿ ಸೇರುತ್ತಾನೆ, ಮೊದಲಿನವನು ಉಸಿರು ತೆಗೆದುಕೊಳ್ಳುವಾಗ ಸಾಲನ್ನು ತಾನು ಮುಂದುವರಿಸುತ್ತಾನೆ. ದಕ್ಷಿಣದ ನಾದಸ್ವರಕ್ಕೆ 'ಒತ್ತು' ಹೇಗೋ ಇಲ್ಲಿ ಸುರ್ ಹಿಡಿಯುವವನು ಹಾಗೆ. ಕೇಳುವವರಿಗೆ ಅವನು ಇರುವುದೇ ಗೊತ್ತಾಗುವುದಿಲ್ಲ. ಅವನು ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ!

ಮುಹೂರ್ತದ ಹೊತ್ತಿಗೆ ಅಪಸ್ವರ

ವೈಶಾಖದ ಬಿಸಿಲಿನಲ್ಲಿ ಸಂಗಮದ ಒಂದು ಮದುವೆ ಎಂದುಕೊಳ್ಳಿ. ಸನಾದಿ ಜೋಡಿಯಲ್ಲಿ ಹಿರಿಯ ಕಾಕಾ, ಕಿರಿಯ ಅವನ ಅಣ್ಣನ ಮಗ. ಹುಡುಗನಿಗೆ ಹತ್ತನೆಯ ತರಗತಿ ಪರೀಕ್ಷೆ ಆಗಷ್ಟೇ ಮುಗಿದಿದೆ. ಮುಂಜಾನೆ ಇಬ್ಬರೂ ಕುಳಿತು ಸುರ್ ಕೂಡಿಸಿಕೊಂಡಿದ್ದಾರೆ. ಎರಡು ವಾದ್ಯಗಳೂ ಒಂದೇ ಆಗಿವೆ.

ಹನ್ನೊಂದು ಗಂಟೆಗೆ ಬೀಗರ ಮೆರವಣಿಗೆ. ಕಾಕಾ ಸಂಬಾಳದವನ ಜತೆ ಬಿಸಿಲಿನಲ್ಲಿ ಊದುತ್ತ ಹೋಗಿದ್ದಾನೆ. ಹುಡುಗ ಮಂಟಪದೊಳಗೆ, ಕೂಲರಿನ ಗಾಳಿಯಲ್ಲಿ, ಸನಾದಿಯನ್ನು ಪಕ್ಕಕ್ಕಿಟ್ಟು ಕುಳಿತಿದ್ದಾನೆ. ಮೆರವಣಿಗೆ ಬಂತು, ಅಕ್ಷತೆಯ ಹೊತ್ತೂ ಆಯಿತು. ಇಬ್ಬರೂ ಒಟ್ಟಿಗೆ ಊದಿದರು. ನಾದ ತುಂಬಿ ಬರುವ ಬದಲು 'ವಂ ವಂ ವಂ' ಎಂದು ನಡುಗತೊಡಗಿತು.

"ಏನೋ ತಮ್ಮಾ, ಸುರ್ ಎಲ್ಲಿ ಹೊಂಟೈತಿ? ನಿದ್ದಿಗಣ್ಣಾಗ ಊದಾಕತ್ತಿಯೇನು?"

"ಇಲ್ರೀ ಕಾಕಾ, ಮುಂಜಾನಿ ಹಿಡದಂಗ ಹಿಡದೇನ್ರಿ."

ಅಕ್ಷತೆಯ ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅಪಸ್ವರದಲ್ಲೇ ಅಕ್ಷತೆ ಬಿತ್ತು. ಸಂಜೆ ಲೆಕ್ಕ ಮಾಡುವಾಗ ಮದುವೆಯ ಯಜಮಾನರು ಮಾತಾಡಿದ ಹಣದಲ್ಲಿ ಸ್ವಲ್ಪ ಕಡಿಮೆ ಕೊಟ್ಟು, "ಮುಂದಿನ ಮದುವಿಗೆ ಡಿಜೆ ಹೇಳಿದ್ರಾತು" ಎಂದರು. ಕಾಕಾನ ಸಿಟ್ಟೆಲ್ಲ ಹುಡುಗನ ಮೇಲೆ ತಿರುಗಿತು. ಆದರೆ ಹುಡುಗ ಸುಳ್ಳು ಹೇಳಿರಲಿಲ್ಲ, ಅವನು ಮುಂಜಾನೆ ಹಿಡಿದ ಹಾಗೆಯೇ ಹಿಡಿದಿದ್ದ. ಹಾಗಾದರೆ ತಪ್ಪಿದ್ದೆಲ್ಲಿ?

ಕಟ್ಟಿಗೆಯಲ್ಲ, ಗಾಳಿ

"ಬಿಸಿಲಿಗೆ ಸನಾದಿಯ ಕಟ್ಟಿಗೆ ಹಿಗ್ಗಿತು" ಎಂದು ತರಗತಿಯ ಜಾಣರು ಹೇಳಿಬಿಡುತ್ತಾರೆ. ಉತ್ತರ ಸರಿಯಲ್ಲ. ಕೊಳವೆ ಉದ್ದವಾದರೆ ಸ್ವರ ತಗ್ಗಬೇಕು. ಇಲ್ಲಿ ಬಿಸಿಲಿನಲ್ಲಿದ್ದ ಕಾಕಾನ ಸನಾದಿಯ ಸ್ವರ ಏರಿದೆ. ಅಲ್ಲದೆ ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಎಷ್ಟು ಕಡಿಮೆಯೆಂದರೆ, ಹತ್ತು ಹದಿನೈದು ಡಿಗ್ರಿ ಶಾಖ ಹೆಚ್ಚಿದರೂ ಕೂದಲೆಳೆಯ ದಪ್ಪದಷ್ಟೂ ಬೆಳೆಯುವುದು ಕಷ್ಟ.

ಸನಾದಿಯಲ್ಲಿ ನಿಜವಾಗಿ ನುಡಿಯುವುದು ಕಟ್ಟಿಗೆಯಲ್ಲ, ಅದರೊಳಗಿನ ಗಾಳಿ. ಬಾಯಲ್ಲಿಡುವ ತುದಿಯಲ್ಲಿ ಹುಲ್ಲಿನಿಂದ ಮಾಡಿದ ತೆಳುವಾದ ನಾಲಗೆಗಳು ಇರುತ್ತವೆ. ಊದಿದಾಗ ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊಳವೆಯೊಳಕ್ಕೆ ಗಾಳಿಯನ್ನು ತುಣುಕು ತುಣುಕಾಗಿ ಬಿಡುತ್ತವೆ. ಆ ಒತ್ತಡದ ಅಲೆ ತೆರೆದ ರಂಧ್ರದವರೆಗೆ ಹೋಗಿ ಮರಳಿ ಬಂದು ನಾಲಗೆಯನ್ನು ಮತ್ತೆ ತಳ್ಳುತ್ತದೆ. ಅಲೆ ಬೇಗ ಮರಳಿದರೆ ನಾಲಗೆ ಬೇಗ ಬೇಗ ಬಡಿಯುತ್ತದೆ, ಸ್ವರ ಏರುತ್ತದೆ. ತಡವಾದರೆ ಸ್ವರ ಇಳಿಯುತ್ತದೆ. ರಂಧ್ರ ಮುಚ್ಚಿ ತೆರೆಯುವುದೆಂದರೆ ಅಲೆಯ ದಾರಿಯನ್ನು ಉದ್ದ ಗಿಡ್ಡ ಮಾಡುವುದು, ಅಷ್ಟೆ.

ದಾರಿ ಅಷ್ಟೇ ಇದ್ದು ಅಲೆಯ ವೇಗವೇ ಬದಲಾದರೆ? ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಪ್ರತಿ ಡಿಗ್ರಿಗೆ ಅದು ಸುಮಾರು 0.6 ಮೀಟರ್ ಹೆಚ್ಚುತ್ತದೆ. ಕಾಕಾನ ಸನಾದಿಯ ಒಳಗಿನ ಗಾಳಿ 38 ಡಿಗ್ರಿ, ಹುಡುಗನದು 32 ಡಿಗ್ರಿ ಇತ್ತು ಎಂದಿಟ್ಟುಕೊಳ್ಳಿ. ಒಂದರಲ್ಲಿ ವೇಗ 353.8 ಮೀಟರ್, ಇನ್ನೊಂದರಲ್ಲಿ 350.2 ಮೀಟರ್. ವ್ಯತ್ಯಾಸ ನೂರಕ್ಕೆ ಒಂದು ಮಾತ್ರ. ಆದರೆ ಸ್ವರವೂ ನೂರಕ್ಕೆ ಒಂದರಷ್ಟು ಸರಿಯುತ್ತದೆ. ಹುಡುಗನ ಸನಾದಿ 400 ಹರ್ಟ್ಸ್ ಆವೃತ್ತಿಯಲ್ಲಿ ನುಡಿದರೆ ಕಾಕಾನದು 404ರಲ್ಲಿ ನುಡಿಯುತ್ತದೆ.

ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ತಿಳಿಯುವುದೇ? ಒಂದೊಂದಾಗಿ ಕೇಳಿದರೆ ಬಹಳ ಜನರಿಗೆ ತಿಳಿಯಲಾರದು. ಒಟ್ಟಿಗೆ ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಸಂಗಮದ ನೀರನ್ನು ನೆನೆಸಿಕೊಳ್ಳಿ. ಎರಡು ಸನಾದಿಗಳ ಅಲೆಗಳ ಉಬ್ಬುಗಳು ಒಮ್ಮೆ ಕೂಡಿದಾಗ ನಾದ ಜೋರಾಗುತ್ತದೆ. ಒಂದು ಅಲೆ ತುಸು ಮುಂದೆ ಓಡುವುದರಿಂದ ಸ್ವಲ್ಪ ಹೊತ್ತಿಗೆ ಉಬ್ಬಿಗೆ ತಗ್ಗು ಸೇರಿ ನಾದ ಕುಗ್ಗುತ್ತದೆ. ಮತ್ತೆ ಜೋರು, ಮತ್ತೆ ಮೆಲ್ಲಗೆ. ಹೀಗೆ ಸೆಕೆಂಡಿಗೆ ಎಷ್ಟು ಸಲ? ಎರಡು ಆವೃತ್ತಿಗಳ ವ್ಯತ್ಯಾಸ ಎಷ್ಟೋ ಅಷ್ಟು ಸಲ. 404ರಲ್ಲಿ 400 ಕಳೆದರೆ 4. ಭೌತಶಾಸ್ತ್ರದಲ್ಲಿ ಇದಕ್ಕೆ ಬೀಟ್ಸ್ ಎನ್ನುತ್ತಾರೆ. ಮದುವೆ ಮನೆಯ 'ವಂ ವಂ' ಇದೇ!

ಕಸುಬಿನ ಉಪಾಯಗಳು

ಪಳಗಿದ ಸನಾದಿಯವರಿಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ. ಆದರೆ ಅವರು ಮಾಡುವುದೆಲ್ಲ ಈ ಲೆಕ್ಕದಂತೆಯೇ ಇದೆ. ಸುರ್ ಕೂಡಿಸುವಾಗ ಅವರು ಕೇಳುವುದು ಆ ನಡುಕವನ್ನೇ. ನಡುಕ ನಿಧಾನವಾದರೆ ಹತ್ತಿರ ಬಂದಂತೆ. ಪೂರ್ತಿ ನಿಂತರೆ ಕೂಡಿದಂತೆ. ತುಟಿಯಿಂದ ನಾಲಗೆಯನ್ನು ಒತ್ತಿದರೆ ಸ್ವರ ತುಸು ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಅದು ಸಾಲದಿದ್ದರೆ ನಾಲಗೆ ಕೂಡಿಸಿದ ಲೋಹದ ನಳಿಗೆಯನ್ನು ತುಸು ಹೊರಗೆಳೆಯುತ್ತಾರೆ ಇಲ್ಲವೆ ಒಳಗೆ ತಳ್ಳುತ್ತಾರೆ. ನಳಿಗೆಗೆ ದಾರ ಸುತ್ತಿರುವುದು ಅದು ಬಿಗಿಯಾಗಿ ಕೂಡಲೆಂದು. ಒಣ ಬಿಸಿಲಿಗೆ ಹುಲ್ಲಿನ ನಾಲಗೆ ಒಣಗಿ ಬಿರುಸಾಗುತ್ತದೆ. ಅದಕ್ಕೇ ಅದನ್ನು ಬಾಯಲ್ಲಿ ನೆನೆಸಿಕೊಳ್ಳುವುದು, ಒಂದೆರಡು ಹೆಚ್ಚಿನ ನಾಲಗೆಗಳನ್ನು ದಾರದಲ್ಲಿ ವಾದ್ಯಕ್ಕೆ ಕಟ್ಟಿಕೊಂಡಿರುವುದು.

ಎಲ್ಲಕ್ಕಿಂತ ಸುಲಭದ ಉಪಾಯ ಒಂದಿದೆ. ಜೋಡಿಯಾಗಿ ಊದುವ ಮೊದಲು ಸುಮ್ಮನಿದ್ದ ಸನಾದಿಯನ್ನೂ ಐದಾರು ನಿಮಿಷ ಊದುವುದು. ಇಬ್ಬರೂ ಒಂದೇ ಚಪ್ಪರದಲ್ಲಿ ಕುಳಿತು ಬೆಚ್ಚಗಿನ ಉಸಿರನ್ನು ಊದುತ್ತಿದ್ದರೆ ಎರಡೂ ಕೊಳವೆಗಳ ಶಾಖ ಹೆಚ್ಚುಕಡಿಮೆ ಒಂದಾಗುತ್ತದೆ. ಸಂಕ್ರಾಂತಿಯ ಚಳಿಯ ಮುಂಜಾನೆ, ಜನ ಸಂಗಮದಲ್ಲಿ ಪುಣ್ಯಸ್ನಾನಕ್ಕೆ ಇಳಿಯುವ ಹೊತ್ತಿನಲ್ಲಿ ಇದು ಇನ್ನೂ ಅಗತ್ಯ. ಆಗ ಹೊರಗಿನ ಗಾಳಿಗೂ ಉಸಿರಿಗೂ ಇರುವ ಅಂತರ ಬಹಳ ದೊಡ್ಡದು. ಕೆಳಗಿಟ್ಟ ಸನಾದಿ ಬೇಗ ತಣ್ಣಗಾಗುತ್ತದೆ.

ಹಾರ್ಮೋನಿಯಂ ಜತೆಯಲ್ಲಿದ್ದರೆ ಕಷ್ಟ ಬೇರೆ. ಅದರಲ್ಲಿ ಸ್ವರ ಕೊಡುವುದು ಹಿತ್ತಾಳೆಯ ಪಟ್ಟಿ. ಶಾಖಕ್ಕೆ ಅದರ ಬಿಗಿ ಕಡಿಮೆಯಾಗಿ ಸ್ವರ ಬಹಳ ಸ್ವಲ್ಪ ಇಳಿಯುತ್ತದೆ. ಸನಾದಿ ಏರುತ್ತದೆ, ಹಾರ್ಮೋನಿಯಂ ಏರುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯಾದರೆ ಗುಂಡಿ ತಿರುಗಿಸಿ ಅದನ್ನು ಸನಾದಿಯ ಹಿಂದೆ ತರಬಹುದು.

ಅಣ್ಣನ ಪಕ್ಕದಲ್ಲಿ

ಶಹನಾಯಿಯನ್ನು ಮದುವೆ ಮನೆಯ ಬಾಗಿಲಿನಿಂದ ಸಂಗೀತ ಕಛೇರಿಯ ವೇದಿಕೆಗೆ ತಂದ ಉಸ್ತಾದ್ ಬಿಸ್ಮಿಲ್ಲಾ ಖಾನ್ (1916–2006) ಆರಂಭದ ವರ್ಷಗಳಲ್ಲಿ ಅಣ್ಣ ಶಂಸುದ್ದೀನ್ ಜತೆ ಜೋಡಿಯಾಗಿ ನುಡಿಸಿದವರು. ಮುಂದೆ ವಿಲಾಯತ್ ಖಾನರ ಸಿತಾರ್, ವಿ.ಜಿ. ಜೋಗ್ ಅವರ ಪಿಟೀಲು ಇವುಗಳೊಡನೆ ಅವರು ನಡೆಸಿದ ಜುಗಲ್‌ಬಂದಿಗಳು ಹೆಸರಾದವು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ತೆರೆಯ ಮೇಲೆ ರಾಜಕುಮಾರ್ ಸನಾದಿ ಹಿಡಿದರು, ಕೇಳಿದ್ದು ಬಿಸ್ಮಿಲ್ಲಾ ಖಾನರ ಉಸಿರು. 2001ರಲ್ಲಿ ಅವರಿಗೆ ಭಾರತರತ್ನ ಬಂತು. ಅಷ್ಟು ದೊಡ್ಡ ಕಲಾವಿದರ ಕಲಿಕೆಯೂ ಇನ್ನೊಬ್ಬರ ಸ್ವರಕ್ಕೆ ಕಿವಿಗೊಡುವುದರಿಂದಲೇ ಮೊದಲಾಯಿತು.

ಮದುವೆ ಮನೆಯ ಹುಡುಗನ ಕಡೆಗೆ ಮರಳಿದರೆ, ಅವನ ಪಾಠದ ಪುಸ್ತಕದಲ್ಲಿ ಶಬ್ದದ ಅಧ್ಯಾಯ ಇತ್ತು. ಶಬ್ದದ ವೇಗವನ್ನು ಅವನು ಬಾಯಿಪಾಠ ಮಾಡಿದ್ದ. ಅದು ತನ್ನ ಕೈಯಲ್ಲಿರುವ ಸನಾದಿಯ ಮಾತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾಕಾನಿಗೆ ಆ ಸನಾದಿಯ ಎಲ್ಲ ಮಾತೂ ಗೊತ್ತಿತ್ತು, ಪುಸ್ತಕ ಗೊತ್ತಿರಲಿಲ್ಲ. ಇಬ್ಬರೂ ಕುಳಿತು ಅರ್ಧ ಗಂಟೆ ಮಾತಾಡಿದ್ದರೆ ಬೈಗುಳವೂ ಇರುತ್ತಿರಲಿಲ್ಲ, ಮುಂದಿನ ಮದುವೆಯೂ ಕೈತಪ್ಪುತ್ತಿರಲಿಲ್ಲ. ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗಲೂ ಪಾಲಕರು ಇದನ್ನು ನೆನೆಯುವುದು ಒಳ್ಳೆಯದು. "ಓದಿಲ್ಲ" ಎಂದು ಗದರುವ ಮೊದಲು, ಮಗು ಕುಳಿತ ಜಾಗ ತಣ್ಣಗಿತ್ತೇ ಎಂದು ಒಮ್ಮೆ ಕೇಳಿ ನೋಡಬಹುದು.

ಮಾಡಿ ನೋಡಿ

1. ಒಂದೇ ಬಗೆಯ ಎರಡು ಗಾಜಿನ ಸೀಸೆಗಳಿಗೆ ಸಮನಾಗಿ ನೀರು ಹಾಕಿ. ಇಬ್ಬರು ಒಟ್ಟಿಗೆ ಬಾಯಿಯ ಅಂಚಿಗೆ ಊದಿ. ಒಂದೇ ಸ್ವರ ಬಂದ ಮೇಲೆ ಒಂದು ಸೀಸೆಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತ ಮತ್ತೆ ಊದಿ. ನಾದ ನಡುಗುವುದು ಕೇಳುತ್ತದೆಯೇ?

2. ಸುರ್ ಹಿಡಿಯುವವನು ಉಸಿರು ಮುರಿಯದೆ ಊದುವುದು ಹೇಗೆ? ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳ್ಳೆ ಬಿಡಿ. ಉಸಿರು ಮುಗಿಯುವ ಮೊದಲೇ ಗಲ್ಲ ಉಬ್ಬಿಸಿಕೊಳ್ಳಿ. ಗಲ್ಲದ ಗಾಳಿಯನ್ನು ಮೆಲ್ಲಗೆ ಒತ್ತಿ ಬಿಡುತ್ತಿರುವಾಗಲೇ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಗುಳ್ಳೆಗಳು ನಿಲ್ಲಬಾರದು. ಒಂದು ದಿನಕ್ಕೆ ಬರುವ ವಿದ್ಯೆಯಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ನಾಳೆ ಮತ್ತೆ ಮಾಡಿ.