ಐದು ಎಣಿಸುವಷ್ಟು ಹೊತ್ತು

ಟೋಕಿಯೊದ ನಿಶಿಕಸಾಯಿಯಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದೆ, 11 ವರ್ಷದ ಮಗ ನಡುರಾತ್ರಿ ಎದ್ದು ಬೆನ್ನು ಹಿಡಿದುಕೊಂಡು ಕೂರತೊಡಗಿದ. ಹತ್ತಿರದ ಕ್ಲಿನಿಕ್ಕಿನ ವೈದ್ಯರು ‘ಸೇಯ್ಚೋತ್ಸೂ’ ಅಂದರು. ಬೆಳೆಯುವ ಮಕ್ಕಳ ನೋವು ಎಂದರ್ಥ. ಅಂಟಿಸಲು ‘ಶಿಪ್ಪು’ ಪಟ್ಟಿ ಕೊಟ್ಟು ಕಳಿಸಿದರು. ದಾವಣಗೆರೆಯಿಂದ ಅತ್ತೆ ಫೋನಿನಲ್ಲಿ ಹೇಳಿದ್ದೂ ಅದನ್ನೇ: ‘ಬೆಳೆಯೋ ಹುಡುಗ ಬಿಡವ್ವ, ಹರಳೆಣ್ಣೆ ಹಚ್ಚಿ ತಿಕ್ಕು.’ ನಾನು ಅವನ ಶಾಲೆಯ ಭಾರದ ಚೀಲ ರಂದೊಸೆರುವನ್ನು ಬೈದುಕೊಂಡೆ.

ಮೂವರ ಕಣ್ಣನ್ನೂ ತೆರೆಸಿದ್ದು ಏಪ್ರಿಲ್‌ನಲ್ಲಿ ಶಾಲೆಯಿಂದ ಬಂದ ಒಂದು ಹಾಳೆ. ಜಪಾನಿನ ಶಾಲಾ ತಪಾಸಣೆಯಲ್ಲಿ 2016ರಿಂದ ಕೈಕಾಲು, ಕೀಲುಗಳ ಪರೀಕ್ಷೆಯೂ ಕಡ್ಡಾಯ. ಅದರ ಮೊದಲ ಸುತ್ತು ಮನೆಯಲ್ಲೇ. ಎರಡೂ ಭುಜ ಸಮವಾಗಿವೆಯೇ? ಮುಂದಕ್ಕೆ ಬಾಗಿದಾಗ ಬೆನ್ನಿನ ಒಂದು ಮಗ್ಗುಲು ಉಬ್ಬುತ್ತದೆಯೇ? ಬಾಗಿದರೆ ನೋಯುತ್ತದೆಯೇ? ಒಂಟಿಕಾಲಲ್ಲಿ 5 ಸೆಕೆಂಡು ನಿಲ್ಲಬಲ್ಲನೇ? ಎಡಗಾಲಲ್ಲಿ ನಿಂತ ಮಗ ಎರಡು ಎಣಿಸುವಷ್ಟರಲ್ಲಿ ಗೋಡೆ ಹಿಡಿದ.

ಆ ಹಾಳೆ ನಮ್ಮನ್ನು ಆಸ್ಪತ್ರೆಗೆ ಕಳಿಸಿತು. ಎಂಆರ್‌ಐಯಲ್ಲಿ ಬೆನ್ನುಹುರಿಯ ಒಳಗೇ ಗಡ್ಡೆ ಕಂಡಿತು. ಹೆಸರು ಎಪೆಂಡಿಮೋಮ. ಮಿದುಳಿನ ಸಂಕೇತ ಕಾಲಿನವರೆಗೆ ಇಳಿಯುತ್ತಿದೆಯೇ ಎಂದು ತಂತಿಗಳ ಮೂಲಕ ನೋಡುತ್ತ, ಸಂಕೇತ ಕುಗ್ಗಿದರೆ ಕೈ ತಡೆಯುತ್ತ, ಶಸ್ತ್ರಚಿಕಿತ್ಸಕರು ಗಡ್ಡೆಯನ್ನು ಎಳೆಎಳೆಯಾಗಿ ಬಿಡಿಸಿದರು. ಆಮೇಲೆ ತಿಂಗಳುಗಟ್ಟಲೆ ನಡೆಯುವ ಅಭ್ಯಾಸ.

‘ಜಪಾನ್ ಅಲ್ಲವೇ, ಯಂತ್ರಗಳಿವೆ’ ಎನ್ನುತ್ತಾರೆ ಊರಿನವರು. ಹೌದು, ಜನಸಂಖ್ಯೆಗೆ ಹೋಲಿಸಿದರೆ ಎಂಆರ್‌ಐ ಯಂತ್ರಗಳು ಅತಿ ಹೆಚ್ಚಿರುವ ದೇಶಗಳಲ್ಲಿ ಇದೂ ಒಂದು. ದೀರ್ಘಕಾಲದ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಸರ್ಕಾರದ ನೆರವೂ ಇದೆ. ಆದರೆ ತಿಂಗಳುಗಟ್ಟಲೆ ಆ ಯಂತ್ರಗಳ ನಡುವೆಯೇ ನನ್ನ ಮಗ ನೋವಿನಿಂದ ನಿದ್ದೆಗೆಟ್ಟಿದ್ದ. ವೈದ್ಯರನ್ನು ದೂರಲಾರೆ. ಇಂಥ ಗಡ್ಡೆಯನ್ನು ಒಮ್ಮೆಯೂ ಕಾಣದೆ ನಿವೃತ್ತರಾಗುವ ವೈದ್ಯರಿದ್ದಾರೆ. ಅಪರೂಪದ ರೋಗ ಪತ್ತೆಯಾಗುವುದನ್ನು ಒಬ್ಬರ ಅನುಮಾನಕ್ಕೆ ಬಿಡಬಾರದು, ಅದಕ್ಕೊಂದು ರೂಢಿ ಬೇಕು ಎನ್ನುವುದಷ್ಟೇ ನನ್ನ ವಾದ.

ಕರ್ನಾಟಕದಲ್ಲಿ ಇದು ಆಗದ ಮಾತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗುತ್ತವೆ. ಮಿದುಳು, ಬೆನ್ನುಹುರಿಯ ಚಿಕಿತ್ಸೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಪ್ರತಿ ಮಗುವಿಗೂ ಈ ನಾಲ್ಕು ಪ್ರಶ್ನೆ ಕೇಳಲು ಯಂತ್ರ ಬೇಡ, ಕಾಸೂ ಬೇಡ.

ತಂದೆತಾಯಿಯರನ್ನು ಹೆದರಿಸಿದಂತಾಗದೇ? ಬಾಗಿದ ಬೆನ್ನೆಲ್ಲ ಗಡ್ಡೆಯಲ್ಲ, ನಿಜ. ಆದರೆ ಬೆಳೆಯುವ ನೋವು ಸಾಮಾನ್ಯವಾಗಿ ಬರುವುದು ಎರಡೂ ಕಾಲಿಗೆ, ಬೆಳಗಾದರೆ ಮಾಯ. ರಾತ್ರಿ ಎಬ್ಬಿಸುವ ಬೆನ್ನುನೋವು, ಎಡವುವ ನಡಿಗೆ, ಹೊಸದಾಗಿ ಮೂತ್ರದ ತೊಂದರೆ ಇದ್ದರೆ ಕಾಯಬಾರದು. ಶಸ್ತ್ರಚಿಕಿತ್ಸೆಯ ನಂತರ ಮಗು ಹೇಗೆ ನಡೆದೀತು ಎಂಬುದು ಬಹುಪಾಲು ಅದಕ್ಕೆ ಮೊದಲು ಹೇಗೆ ನಡೆಯುತ್ತಿತ್ತು ಎಂಬುದರ ಮೇಲೆ ನಿಂತಿದೆ.

ಎರಡಕ್ಕೇ ಗೋಡೆ ಹಿಡಿದಿದ್ದವನು ಈಗ ಎಡಗಾಲಲ್ಲಿ ನಾಲ್ಕರವರೆಗೆ ನಿಲ್ಲುತ್ತಾನೆ. ಅತ್ತೆಯ ಮನೆ ಎದುರಿನ ಶಾಲೆಯಲ್ಲೂ ಯಾರಾದರೂ ಮಕ್ಕಳನ್ನು ಒಂಟಿಕಾಲಲ್ಲಿ ನಿಲ್ಲಿಸಿ ಐದರವರೆಗೆ ಎಣಿಸಲಿ.